ಹೇಳದೆ ಬಂದ ಸೊನ್ನೆ

ಮೂರು ವಾರಗಳಿಂದ ಮೆಹನಾಜಳಿಗೆ ಬೆಳಿಗ್ಗೆ ಕಾಲೇಜಿನ ಮೆಟ್ಟಿಲು ಹತ್ತುವಾಗ ಏನನ್ನೋ ಮರೆತು ಬಂದೆನೆಂಬ ಭಾವ ಬರುತ್ತಿತ್ತು. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬರುವ ಬಸ್ಸಿನಲ್ಲೇ ಎರಡು ಸಲ ಚೀಲ ತೆರೆದು ನೋಡಿಕೊಳ್ಳುತ್ತಿದ್ದಳು. ಊಟದ ಡಬ್ಬಿ, ಬಸ್ ಪಾಸು, ಲ್ಯಾಬಿನ ಕೀಲಿ, ಎಲ್ಲ ಇದ್ದವು. ಮರೆತದ್ದು ಮನೆಯಲ್ಲಿಲ್ಲ, ಕಂಪ್ಯೂಟರಿನಲ್ಲಿ ಬರೆದು ಕಳಿಸದೆ ಉಳಿಸಿಕೊಂಡ ಒಂದು ಇ-ಮೇಲಿನಲ್ಲಿದೆ ಎಂಬುದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದುದರಿಂದಲೇ ಚೀಲ ತಡಕುತ್ತಿದ್ದಳು. ಅದನ್ನು ಮರೆತಿದ್ದೇನೆ ಎಂದುಕೊಂಡರೆ ಸ್ವಲ್ಪ ಹಗುರವಾಗುತ್ತಿತ್ತು. ಕಳಿಸಲಿಲ್ಲ ಎಂದುಕೊಂಡರೆ ಆಗುತ್ತಿರಲಿಲ್ಲ.

ಅವಳು ಅಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಹಾವೇರಿಯಲ್ಲಿ ಡಿಪ್ಲೊಮಾ ಮುಗಿಸಿ ಈ ಇಂಜಿನಿಯರಿಂಗ್ ಕಾಲೇಜು ಸೇರಿ ಆರು ವರ್ಷವಾಗಿತ್ತು. ಉಪನ್ಯಾಸಕರ ಹಾಜರಿ ಪುಸ್ತಕ ಪ್ರಿನ್ಸಿಪಾಲರ ಕೋಣೆಯ ಒಳಗೆ ಮೇಜಿನ ಮೇಲಿದ್ದರೆ, ಅವಳು ಸಹಿ ಮಾಡುವ ಪುಸ್ತಕ ಬಾಗಿಲ ಹೊರಗೆ ಜವಾನನ ಸ್ಟೂಲಿನ ಮೇಲಿರುತ್ತಿತ್ತು. ಬಾಗಿ ಸಹಿ ಮಾಡಬೇಕು. ಬಾಗುವಾಗ ಬೆನ್ನ ಹಿಂದೆ ಯಾರು ಹಾದುಹೋದರೆಂದು ಆರು ವರ್ಷಗಳಿಂದ ಅವಳು ತಿರುಗಿ ನೋಡಿರಲಿಲ್ಲ. ಆದರೆ ಎರಡನೆಯ ಮಹಡಿಯ ಮೂಲೆಯ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಬೇರೆಯೇ ಲೋಕ. ಅಲ್ಲಿ ಹದಿನಾರು ಕಂಪ್ಯೂಟರುಗಳನ್ನು ಒಂದಕ್ಕೊಂದು ತಂತಿಯಿಂದ ಜೋಡಿಸಿ, ಎಲ್ಲ ಸೇರಿ ಒಂದೇ ದೊಡ್ಡ ಯಂತ್ರದಂತೆ ದುಡಿಯುವ ಹಾಗೆ ಮಾಡಿದ್ದರು. ಅದಕ್ಕೆ ಕ್ಲಸ್ಟರ್ ಎನ್ನುತ್ತಿದ್ದರು. ಅನುದಾನ ತಂದವರು ಡಾಕ್ಟರೇಟ್ ಮಾಡಿದ್ದ ಸುನೀಲಕುಮಾರ ಸರ್. ಎರಡು ಬೇಸಿಗೆ ರಜೆ ನೆಲದ ಮೇಲೆ ಕೂತು ತಂತಿ ಎಳೆದು ಅದಕ್ಕೆ ಜೀವ ತಂದವಳು ಮೆಹನಾಜ. ಉದ್ಘಾಟನೆಯ ಕಲ್ಲಿನ ಮೇಲೆ ಒಂಬತ್ತು ಹೆಸರುಗಳಿದ್ದವು. ಅವಳದಿರಲಿಲ್ಲ. ಅದನ್ನು ಓದಿ ನೋಡುವುದನ್ನು ಅವಳು ಬಿಟ್ಟಿದ್ದಳು.

ಒಂದೇ ಯಂತ್ರವನ್ನು ಹಲವರು ಹಂಚಿಕೊಂಡಾಗ ಒಬ್ಬರಿಗೆ ಸಾಫ್ಟ್‌ವೇರಿನ ಹಳೆಯ ಆವೃತ್ತಿ ಬೇಕು, ಇನ್ನೊಬ್ಬರಿಗೆ ಹೊಸದು. ಹೊಸದನ್ನು ಹಳೆಯದರ ಮೇಲೆ ಹೇರಿದರೆ ಒಬ್ಬರ ಕೆಲಸ ನಡೆದು ಇನ್ನೊಬ್ಬರದು ನಿಲ್ಲುತ್ತದೆ. ಹಾಗಾಗದಿರಲೆಂದು ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು, ಬೇಕಾದವರು ಬೇಕಾದದ್ದನ್ನು ಹೆಸರು ಹೇಳಿ ಕರೆದುಕೊಳ್ಳುವ ವ್ಯವಸ್ಥೆ ಇತ್ತು. ಅದಕ್ಕೆ ಮಾಡ್ಯೂಲ್ ಎಂದು ಹೆಸರು. ‘ಮಾಡ್ಯೂಲ್ ಲೋಡ್’ ಎಂದು ಬರೆದು ಸಾಫ್ಟ್‌ವೇರಿನ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಕೊಟ್ಟರೆ ಆ ಹೊತ್ತಿಗೆ ಅದು ನಿಮ್ಮದು. ಪಕ್ಕದವರು ಬೇರೆಯದನ್ನು ಕರೆದುಕೊಂಡಿದ್ದರೂ ತಕರಾರಿಲ್ಲ. ಸಂಖ್ಯೆ ಹೇಳದೆ ಬರೀ ಹೆಸರು ಹೇಳಿದವರಿಗೂ ಯಾವುದಾದರೊಂದನ್ನು ಕೊಡಬೇಕಲ್ಲ, ಅದು ಡಿಫಾಲ್ಟ್. ಯಾವುದು ಡಿಫಾಲ್ಟ್ ಎಂಬುದು ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಆ ಸಾಲನ್ನು ಬದಲಿಸುವ ಅಧಿಕಾರ ಇಡೀ ಕಾಲೇಜಿನಲ್ಲಿ ಇದ್ದದ್ದು ಅವಳಿಗೊಬ್ಬಳಿಗೇ. ಮೂರು ವಾರಗಳ ಹಿಂದಿನ ಶುಕ್ರವಾರ, ಸುನೀಲಕುಮಾರ ಸರ್ ತಮ್ಮ ಪ್ರಬಂಧದ ಅವಸರದಲ್ಲಿ ಬಾಗಿಲಲ್ಲೇ ನಿಂತು, ಲೆಕ್ಕಾಚಾರದ ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನೇ ಡಿಫಾಲ್ಟ್ ಮಾಡಿಬಿಡಿ, ಪ್ರತಿ ಸಲ ಸಂಖ್ಯೆ ಬರೆಯುವುದು ತಮಗೆ ಬೇಸರ ಎಂದಿದ್ದರು. ಅವಳು ಆ ಸಾಲನ್ನು ಬದಲಿಸಿದಳು. ಬದಲಿಸಿದ ಮೇಲೆ ಯಂತ್ರ ಬಳಸುವ ಹನ್ನೊಂದು ಜನಕ್ಕೂ ತಿಳಿಸಬೇಕು ಎಂಬುದು ಅವಳೇ ಮಾಡಿಕೊಂಡ ನಿಯಮ. ಇ-ಮೇಲ್ ಬರೆದಳು. ಇಂಗ್ಲಿಷಿನಲ್ಲಿ, ನಾಲ್ಕು ಸಾಲು. ಓದಿದಳು, ಮತ್ತೆ ಓದಿದಳು. ಹಿಂದಿನ ವರ್ಷ ಹೀಗೆಯೇ ಕಳಿಸಿದ್ದ ಒಂದು ಸೂಚನೆಯನ್ನು ಸುನೀಲಕುಮಾರ ಸರ್ ವ್ಯಾಕರಣ ತಿದ್ದಿ, ತಿದ್ದಿದ ಪದಗಳನ್ನೆಲ್ಲ ಕೆಂಪು ಮಾಡಿ, ಅವಳಿಗೊಬ್ಬಳಿಗಲ್ಲ, ಎಲ್ಲರಿಗೂ ಕಳಿಸಿದ್ದರು. ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಕಲಿಯಲಿ ಎಂದೇ ಮಾಡಿದ್ದರು. ಮರುದಿನ ಸ್ಟಾಫ್ ರೂಮಿನ ಮುಂದೆ ಹಾಯುವಾಗ ಯಾರೋ ಬೇರೆ ಯಾವುದಕ್ಕೋ ನಕ್ಕಿದ್ದು ಅವಳ ಕಿವಿಯಲ್ಲಿ ಹಾಗೇ ಉಳಿದಿತ್ತು. ಸೋಮವಾರ ಯಾರಿಗಾದರೂ ತೋರಿಸಿ ಕಳಿಸಿದರಾಯಿತು ಎಂದು ಇ-ಮೇಲನ್ನು ಉಳಿಸಿಟ್ಟಳು. ಸೋಮವಾರ ಬಂತು, ಹೋಯಿತು.

ಜೂನ್ ಮೊದಲ ವಾರದ ಆ ಗುರುವಾರ ಬೆಳಿಗ್ಗೆ ಕೊನೆಯ ವರ್ಷದ ಹುಡುಗಿ ಐಶ್ವರ್ಯ ಪ್ರಾಜೆಕ್ಟಿನ ಕೆಲಸಕ್ಕೆ ಬಂದು ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕರೆದಳು. “ಮೇಡಂ, ಈ ಮನಿ ನಾ ಖಾಲಿ ಬಿಟ್ಟೇನ್ರಿ. ಅದು ಸೊನ್ನೆ ಅಂತ ಹಿಡದೈತಿ. ಯಾಕ್ರಿ?” ಮೆಹನಾಜ ಅವಳ ಹೆಗಲ ಮೇಲಿಂದ ಪರದೆಯ ಮೇಲಿನ ಅಂಕಿಗಳ ಕೋಷ್ಟಕ ನೋಡಿದಳು. ಖಾಲಿ ಇದ್ದ ಜಾಗವನ್ನು ಹಳೆಯ ಆವೃತ್ತಿ ‘ಗೊತ್ತಿಲ್ಲ’ ಎಂದು ಓದಿ ಪಕ್ಕಕ್ಕಿಡುತ್ತಿತ್ತು. ಹೊಸದು ಅದನ್ನು ಸೊನ್ನೆ ಎಂದು ಓದಿ, ಲೆಕ್ಕಕ್ಕೆ ಸೇರಿಸಿ, ಸರಾಸರಿಯನ್ನು ಕೆಳಗೆ ಎಳೆದಿತ್ತು. ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಹುಡುಗಿಗೆ ಹಳೆಯ ಆವೃತ್ತಿಯ ಸಂಖ್ಯೆ ಬರೆದು ಲೋಡ್ ಮಾಡಿಕೊಳ್ಳಲು ಹೇಳಿ ತನ್ನ ಕುರ್ಚಿಗೆ ಬಂದು ಕೂತಳು. ಕಣ್ಣ ಮುಂದೆ ಬಂದದ್ದು ಐಶ್ವರ್ಯಳ ಪರದೆಯಲ್ಲ, ಕೊಟ್ರಪ್ಪನವರ ನೋಟ್‌ಬುಕ್ಕು.

ಕೊಟ್ರಪ್ಪನವರು ರಾಣೆಬೆನ್ನೂರಿನ ಒಂದು ಸಣ್ಣ ಬೀಜದ ಕಂಪನಿಯಲ್ಲಿ ಮೆಣಸಿನಕಾಯಿ ತಳಿ ನೋಡಿಕೊಳ್ಳುವವರು. ಐವತ್ತೆಂಟು ವರ್ಷ. ಕಂಪನಿಯ ಹೊಸ ಮ್ಯಾನೇಜರಿಗೆ ಬೇಕಾಗಿದ್ದದ್ದು ಹೈಬ್ರಿಡ್ ಬೀಜ. ಕೊಟ್ರಪ್ಪನವರು ಮಾತ್ರ ಹನ್ನೊಂದು ವರ್ಷ ಸುತ್ತಲಿನ ಹಳ್ಳಿಗಳ ಹಿತ್ತಿಲುಗಳಿಂದ, ಅಜ್ಜಿಯರ ಗಡಿಗೆಗಳಿಂದ ಇನ್ನೂರ ನಲವತ್ತು ದೇಸಿ ತಳಿಗಳನ್ನು ಆಯ್ದು ತಂದು, ಪ್ರತಿಯೊಂದಕ್ಕೂ ನಂಬರು ಕೊಟ್ಟು, ಮೇಡ್ಲೇರಿಯ ಕಂಪನಿ ತೋಟದಲ್ಲಿ ಬೆಳೆದು, ಇಳುವರಿ, ಬಣ್ಣ, ಕಾಯಿಯ ಉದ್ದ ಅಳೆದು ಬರೆದಿಟ್ಟಿದ್ದರು. ತಂಪುಕೋಣೆಯಲ್ಲಿ ಜಾಗವಿಲ್ಲ, ನಲವತ್ತು ಇಟ್ಟುಕೊಂಡು ಉಳಿದದ್ದು ತೆಗೆಯಿರಿ ಎಂದು ಮ್ಯಾನೇಜರು ಹೇಳಿದಾಗ, ಯಾವ ನಲವತ್ತು ಎಂಬುದನ್ನು ತನ್ನ ಇಷ್ಟದಿಂದ ಆರಿಸಬಾರದು, ಲೆಕ್ಕದಿಂದ ಆರಿಸಬೇಕು ಎಂದು ಅವರು ಪ್ರಿನ್ಸಿಪಾಲರನ್ನು ಕೇಳಿಕೊಂಡು ಕ್ಲಸ್ಟರಿನ ಕೋಣೆಗೆ ಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಮೊದಲ ಮನುಷ್ಯ ಅವರು. ಅವರಿಗೆ ಟೈಪು ಮಾಡಲು ಬಾರದು. ಎಂಟು ದಿನ ಮಧ್ಯಾಹ್ನ ಅವರು ಓದಿ ಹೇಳಿದರು, ಅವಳು ತುಂಬಿದಳು. ನಡುನಡುವೆ ಖಾಲಿ ಬಿಟ್ಟ ಮನೆಗಳು ಬರುತ್ತಿದ್ದವು: ಒಂದು ವರ್ಷ ಕುರಿ ಮೇಯ್ದ ಸಾಲು, ಒಂದು ವರ್ಷ ಹೊಳೆ ನೀರು ನಿಂತ ಮಡಿ. ಇಲ್ಲಿ ಏನು ಹಾಕಲಿ ಎಂದು ಅವಳು ಕೇಳಿದಾಗ ಅವರು ನೋಟ್‌ಬುಕ್ಕಿನಿಂದ ತಲೆ ಎತ್ತಿ ಹೇಳಿದ್ದರು: “ಏನೂ ಹಾಕಬ್ಯಾಡ ಯವ್ವಾ. ಸೊನ್ನೆ ಬರದ್ರ ಗಿಡಾ ಏನೂ ಕೊಟ್ಟಿಲ್ಲ ಅಂದಂಗ ಆಕ್ಕತಿ. ಅದು ಕೊಟ್ಟಿತ್ತೋ ಏನೋ. ನಾ ನೋಡಿಲ್ಲ, ಅಷ್ಟ.”

ಡಿಫಾಲ್ಟ್ ಬದಲಾದ ಶುಕ್ರವಾರ ದಾಟಿ, ಸೋಮವಾರವೇ ಅವಳು ಅವರ ಕೆಲಸವನ್ನು ಓಡಿಸಿದ್ದಳು. ಅಭ್ಯಾಸದಂತೆ ಸಂಖ್ಯೆಯಿಲ್ಲದೆ ಬರೀ ಹೆಸರು ಬರೆದು ಲೋಡ್ ಮಾಡಿದ್ದಳು. ತಾನೇ ಬದಲಿಸಿದ ಸಾಲನ್ನು ತಾನೇ ಮರೆತು. ಅಥವಾ ಮರೆಯಲಿಲ್ಲವೋ, ಬೆರಳು ಬರೆಯುವಾಗ ಒಂದು ಕ್ಷಣ ಏನೋ ಹೊಳೆದು, ಆಗ ಇ-ಮೇಲಿನ ನೆನಪೂ ಜೊತೆಗೆ ಬಂದೀತೆಂದು ಅದನ್ನು ಬದಿಗೆ ತಳ್ಳಿದಳೋ. ಈಗ ಎಷ್ಟು ಕೆದಕಿದರೂ ಅದು ಸ್ಪಷ್ಟವಾಗಲೊಲ್ಲದು. ಪ್ರಿಂಟು ಕೈಗೆ ಕೊಟ್ಟಾಗ ಅವರು ಮೇಲಿನ ನಲವತ್ತು ನಂಬರುಗಳನ್ನು ಓದಿದರು, ಹಾಳೆ ತಿರುವಿ ಕೆಳಗಿನದನ್ನೂ ಓದಿದರು, ಒಂದು ಕಡೆ ಬೆರಳಿಟ್ಟು ಏನೋ ಕೇಳುವವರಂತೆ ಅವಳ ಮುಖ ನೋಡಿ, ಕೇಳದೆ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡಿದ್ದರು. ಕಳೆದ ವಾರ ದಾರಿಯಲ್ಲಿ ಸಿಕ್ಕಾಗ, ಬರುವ ಗುರುವಾರ ಮೇಡ್ಲೇರಿಯಲ್ಲಿ ಕೂತು ಬೇಡದ ತಳಿಗಳನ್ನು ಮುಗಿಸಿಬಿಡುವುದಾಗಿ ಹೇಳಿದ್ದರು. ನಂಬರು ಬರೆದ ಪಾಕೀಟು ಹೊರಗೆ ಹೋಗಬಾರದೆಂದು ಕಂಪನಿಯ ಆಜ್ಞೆ. ಇನ್ನೂರು ಪಾಕೀಟನ್ನೂ ಒಡೆದು ಒಂದೇ ಚೀಲಕ್ಕೆ ಸುರಿಯಬೇಕು. ಸುರಿದರೆ ಮುಗಿಯಿತು. ಬೀಜ ನೋಡಿ ಇದು ಯಾವುದು ಎಂದು ಯಾರೂ ಹೇಳಲಾರರು. ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ನೋಡುವ ಅಗತ್ಯವಿರಲಿಲ್ಲ.

ಫೋನು ಹಚ್ಚಿದಳು. ಮೇಡ್ಲೇರಿಯ ತೋಟದಲ್ಲಿ ಅವರ ಮೊಬೈಲು ಹಿಡಿಯುವುದಿಲ್ಲ. ವ್ಯಾಪ್ತಿಯ ಹೊರಗಿದ್ದಾರೆ ಎಂದು ಹೆಣ್ಣು ದನಿ ಮೂರು ಸಲ ಹೇಳಿತು. ಹಳೆಯ ಆವೃತ್ತಿಯ ಸಂಖ್ಯೆ ಬರೆದು ಕೆಲಸವನ್ನು ಮತ್ತೆ ಓಡಿಸಿದಳು. ಮುಕ್ಕಾಲು ಗಂಟೆ ಬೇಕಾಗಿತ್ತು. ಹೊಸ ಪಟ್ಟಿ ಇಲ್ಲದೆ ಹೋಗಿ ಏನು ಹೇಳುವುದು ಎಂದುಕೊಂಡಳು; ಹಾಗೆ ಅಂದುಕೊಂಡದ್ದು ಪಟ್ಟಿಗಾಗಿಯೋ, ಮುಕ್ಕಾಲು ಗಂಟೆ ಹೋಗದೆ ಇರಲಿಕ್ಕೋ ಎಂಬ ಇನ್ನೊಂದು ದನಿಯೂ ಒಳಗೆ ಇತ್ತು. ಅಷ್ಟರಲ್ಲಿ ಸುನೀಲಕುಮಾರ ಸರ್ ಬಂದರು. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅವರು ಪರದೆಯನ್ನು ತಾವೇ ನೋಡಿ, ಖಾಲಿ ಮನೆ ಸೊನ್ನೆಯಾಗುವುದನ್ನು ಎರಡು ಸಲ ಪರೀಕ್ಷಿಸಿ, ಕನ್ನಡಕ ತೆಗೆದು ಒರೆಸಿದರು. ಮುಂದಿನ ವಾರ ಅನುದಾನ ಕೊಟ್ಟವರು ಕ್ಲಸ್ಟರ್ ನೋಡಲು ಬರುವವರಿದ್ದರು. ಈ ಸುದ್ದಿ ಈಗ ಬೇಕಿತ್ತೇ ಎಂಬುದು ಅವರ ಮುಖದಲ್ಲಿತ್ತು.

“ಇದನ್ನ ಯಾಕ ದೊಡ್ಡದು ಮಾಡ್ತೀರಿ?” ಎಂದರು ಮೆಲ್ಲಗೆ. “ಪರಿಷ್ಕೃತ ಪಟ್ಟಿ ಅಂತ ಬರದು ಕೊಟ್ಟು ಬರ್ರಿ. ಖಾಲಿ ಬಿಟ್ಟವರು ಅವರು. ಡೇಟಾ ಸರಿ ಇರಲಿಲ್ಲ ಅಂದ್ರ ಸುಳ್ಳೇನ ಆಗೂದಿಲ್ಲ.”

ಅದು ಸುಳ್ಳಾಗುತ್ತಿರಲಿಲ್ಲ. ಅದೇ ಅವಳನ್ನು ಹೆದರಿಸಿತು. ಅಷ್ಟು ಅನುಕೂಲವಾದ, ಅಷ್ಟು ಸ್ವಚ್ಛವಾದ ಮಾತು ಅವಳಿಗೆ ಈ ಮೂರು ವಾರಗಳಲ್ಲಿ ತೋಚಿರಲಿಲ್ಲ. ಹೂಂ ಎನ್ನಬೇಕೆಂದು ಬಾಯಿ ತೆರೆದಳು ಕೂಡ. ಸರ್ ಹೋದ ಮೇಲೆ, ಕಳಿಸದೆ ಇದ್ದ ಆ ನಾಲ್ಕು ಸಾಲಿನ ಇ-ಮೇಲನ್ನು ತೆರೆದು, ಇಂಗ್ಲಿಷನ್ನೆಲ್ಲ ಅಳಿಸಿ ಕನ್ನಡದಲ್ಲಿ ಬರೆಯತೊಡಗಿದಳು. ಇಂಥ ತಾರೀಖಿನಂದು ಡಿಫಾಲ್ಟ್ ಬದಲಾಗಿದೆ, ಬದಲಿಸಿದವಳು ನಾನು, ತಿಳಿಸಬೇಕಾಗಿತ್ತು ತಿಳಿಸಲಿಲ್ಲ, ಖಾಲಿ ಬಿಟ್ಟ ಅಂಕಿಗಳಿರುವವರು ಆ ದಿನದಿಂದೀಚಿನ ಫಲಿತಾಂಶವನ್ನು ನಂಬಬೇಡಿ, ಹಳೆಯ ಸಂಖ್ಯೆ ಬರೆದು ಮತ್ತೆ ಓಡಿಸಿರಿ. ಓದಿ ನೋಡಲಿಲ್ಲ. ಹನ್ನೊಂದು ಜನಕ್ಕೂ ಕಳಿಸಿದಳು. ಏನೂ ಆಗಲಿಲ್ಲ. ಕೋಣೆಯಲ್ಲಿ ಹದಿನಾರು ಫ್ಯಾನುಗಳು ಮೊದಲಿನ ಹಾಗೆಯೇ ಸದ್ದು ಮಾಡುತ್ತಿದ್ದವು. ಪಟ್ಟಿ ಬಂದಾಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಳು. ಹತ್ತೊಂಬತ್ತು ತಳಿಗಳು ಕೆಳಗಿನಿಂದ ಮೇಲಿನ ನಲವತ್ತಕ್ಕೆ ಬಂದಿದ್ದವು. ನೂರಾ ಹದಿನೇಳನೆಯ ನಂಬರು ಮೊದಲ ಪಟ್ಟಿಯಲ್ಲಿ ಇನ್ನೂರ ಒಂಬತ್ತನೆಯ ಸ್ಥಾನದಲ್ಲಿತ್ತು, ಈಗ ನಾಲ್ಕನೆಯದು.

ಮೇಡ್ಲೇರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳತೊಡಗಿದಳು. ಸರ್, ಒಂದು ಸಣ್ಣ ವ್ಯತ್ಯಾಸವಾಗಿದೆ. ಸಣ್ಣ ಎಂಬುದು ಬೇಡ. ಸರ್, ಯಂತ್ರದಲ್ಲಿ ಒಂದು ತೊಂದರೆಯಾಗಿತ್ತು. ಯಂತ್ರ ತನಗೆ ಹೇಳಿದ್ದನ್ನಷ್ಟೇ ಮಾಡಿತ್ತು. ಮಳೆ ಎರಡು ದಿನದ ಹಿಂದೆ ಬಿದ್ದು ಹೊಲಗಳು ಕಪ್ಪಾಗಿದ್ದವು, ಎತ್ತು ಹೂಡಿದವರು ಅಲ್ಲಲ್ಲಿ ಕಾಣುತ್ತಿದ್ದರು. ಚಿಕ್ಕಂದಿನಲ್ಲಿ ಬ್ಯಾಡಗಿಯ ದಲಾಲಿ ಅಂಗಡಿಯ ಅಂಗಳದಲ್ಲಿ ಅಮ್ಮ ಮಕ್ತುಮಬಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿರುತ್ತಿದ್ದಳು, ಏಳನೆಯ ಇಯತ್ತೆಯ ರಜೆಯಲ್ಲಿ ಮೆಹನಾಜ ಅವಳ ಜೊತೆ. ಕೆಂಪು ಕಾಯಿ ಒಂದು ಗುಂಪು, ಬಿಳಿಚಿದ ಕಾಯಿ ಇನ್ನೊಂದು. ಒಂದು ಸಂಜೆ ಬುಟ್ಟಿ ಎತ್ತಿ ಸುರಿಯುವಾಗ ಅವಳು ಬಿಳಿಚಿದ್ದನ್ನು ಕೆಂಪು ಗುಂಪಿಗೆ ಸುರಿದುಬಿಟ್ಟಳು. ಮೇಸ್ತ್ರಿ ಬಂದು ನೋಡಿ ಪಕ್ಕದಲ್ಲಿ ತೊಟ್ಟು ಬಿಡಿಸುತ್ತಿದ್ದ ಜೈತೂನಬಿಯನ್ನು ಬೈದ. ಜೈತೂನಬಿ ಸೆರಗು ಝಾಡಿಸಿ ಎದ್ದಳು. ಎರಡು ದಿನ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಮೆಹನಾಜ ತನ್ನ ಉರಿಯುವ ಬೆರಳುಗಳನ್ನು ನೋಡುತ್ತ ಕೂತಿದ್ದಳು. ಅಮ್ಮ ಅವಳನ್ನು ನೋಡುತ್ತ ಕೂತಿದ್ದಳು. ಮನೆಗೆ ಬಂದ ಮೇಲೂ ಆ ಮಾತು ಬರಲಿಲ್ಲ, ಈವರೆಗೂ ಬಂದಿಲ್ಲ. ಆಮೇಲೆ ಎಷ್ಟೋ ದಿನ ಅಮ್ಮ ತಲೆ ಬಾಚಲು ಬಂದರೆ ಕೈ ಖಾರ ಎಂದು ಅವಳು ದೂರ ಸರಿಯುತ್ತಿದ್ದಳು. ಖಾರ ನಿಜವಾಗಿತ್ತು, ಅದಕ್ಕಾಗಿ ಸರಿದದ್ದು ನಿಜವಾಗಿರಲಿಲ್ಲ. ಕಂಡಕ್ಟರು ಎರಡನೆಯ ಸಲ ಕೇಳಿದ ಮೇಲೆ ಅವಳು ಪಾಸು ಇಲ್ಲಿಗೆ ನಡೆಯುವುದಿಲ್ಲವೆಂದು ನೆನಪಾಗಿ ಟಿಕೆಟ್ ತೆಗೆದುಕೊಂಡಳು.

ತೋಟ ಊರಿನಿಂದ ಹೊಳೆಯ ಕಡೆಗೆ ಒಂದು ಮೈಲಿ. ಹಸಿ ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಹೆಜ್ಜೆಗೂ ಭಾರವಾಗುತ್ತ ಹೋಯಿತು. ಕೊನೆಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಳು. ಪಂಪಿನ ಮನೆಯ ಮುಂದೆ ತಗಡಿನ ಚಪ್ಪರ. ಅದರ ಕೆಳಗೆ ಕೊಟ್ರಪ್ಪನವರು ಗೋಣಿತಟ್ಟಿನ ಮೇಲೆ ಕೂತಿದ್ದರು, ಎದುರಿಗೆ ತೋಟದ ಆಳು ತಿರಕಪ್ಪ. ಕೊಟ್ರಪ್ಪನವರು ಪಾಕೀಟಿನ ನಂಬರು ಓದಿ ಪಟ್ಟಿಯಲ್ಲಿ ಗೀಟು ಹಾಕುತ್ತಿದ್ದರು, ತಿರಕಪ್ಪ ಅದನ್ನು ಹರಿದು ಚೀಲಕ್ಕೆ ಸುರಿಯುತ್ತಿದ್ದ. ಖಾಲಿ ಪಾಕೀಟುಗಳು ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಇಟ್ಟಿದ್ದರು. ಅವಳು ಜೋಡಿಸಿಕೊಂಡಿದ್ದ ಯಾವ ಮಾತೂ ಬರಲಿಲ್ಲ.

“ನಿಲ್ಲಸ್ರಿ ಸರ್,” ಎಂದಳು. “ಪಟ್ಟಿ ತಪ್ಪೈತ್ರಿ.”

ತಿರಕಪ್ಪನ ಕೈಯಲ್ಲಿ ಅರ್ಧ ಹರಿದ ಪಾಕೀಟು ಹಾಗೇ ನಿಂತಿತು. ಅವಳು ಚಪ್ಪರದ ಹೊರಗೇ ನಿಂತು ಹೇಳಿದಳು. ತಾನು ಶುಕ್ರವಾರ ಬದಲಿಸಿದ್ದು, ಯಾರಿಗೂ ಹೇಳದೆ ಇದ್ದದ್ದು, ಸೋಮವಾರ ನೋಡದೆ ಓಡಿಸಿದ್ದು, ಖಾಲಿ ಮನೆಗಳಲ್ಲಿ ಯಂತ್ರ ಸೊನ್ನೆ ತುಂಬಿಕೊಂಡದ್ದು. “ನಿಮ್ಮ ನೋಟ್‌ಬುಕ್ಕಿನಾಗ ತಪ್ಪಿಲ್ರಿ. ತಪ್ಪು ನಂದೈತಿ,” ಎಂದಾಗ ತನ್ನ ದನಿ ಇಷ್ಟು ಸಣ್ಣದೇ ಎಂದು ಅವಳಿಗೆ ಅಚ್ಚರಿಯಾಯಿತು. ಕೊಟ್ರಪ್ಪನವರು ಕೈ ಚಾಚಿ ಹೊಸ ಪಟ್ಟಿ ತೆಗೆದುಕೊಂಡರು. ಓದಿದರು. ಕಲ್ಲೆತ್ತಿ ಖಾಲಿ ಪಾಕೀಟುಗಳನ್ನು ಒಂದೊಂದಾಗಿ ತಿರುವಿದರು. ಎಂಬತ್ತಮೂರು ಸುರಿದಾಗಿತ್ತು, ಅದರಲ್ಲಿ ಉಳಿಯಬೇಕಾಗಿದ್ದ ಹತ್ತೊಂಬತ್ತರ ಪೈಕಿ ಆರು ಹೋಗಿದ್ದವು. ಆ ಆರು ಪಾಕೀಟುಗಳನ್ನು ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡರು. ಆಮೇಲೆ ಎದ್ದು ಬದುವಿನ ಮೇಲೆ ಹೊಳೆಯ ಕಡೆಗೆ ನಡೆದುಹೋದರು.

ತಿರಕಪ್ಪ ಅವಳಿಗೆ ಕೂರಲು ಗೋಣಿತಟ್ಟು ತೋರಿಸಿದ. ಅವಳು ಕೂರಲಿಲ್ಲ. ಮುಕ್ಕಾಲು ಗಂಟೆ ಕಾಯದೆ ಬಂದಿದ್ದರೆ ಆರಲ್ಲಿ ಎಷ್ಟು ಉಳಿಯುತ್ತಿದ್ದವು ಎಂದು ಲೆಕ್ಕ ಹಾಕಹೊರಟು, ಆ ಲೆಕ್ಕಕ್ಕೆ ಕೊನೆಯಿಲ್ಲವೆಂದು ಗೊತ್ತಾಗಿ ಬಿಟ್ಟಳು. ದೂರದಲ್ಲಿ ಬಿಳಿ ಅಂಗಿಯ ಬೆನ್ನು ಕಾಣುತ್ತಿತ್ತು. ಅವರು ಬಂದು ಬೈಯಲಿ ಎಂದು ಆಸೆಪಟ್ಟಳು. ಬೈಗುಳಕ್ಕೆ ಒಂದು ಅಳತೆ ಇರುತ್ತದೆ, ಮುಗಿಯುತ್ತದೆ. ಆದರೆ ತಾನು ಓಡಿಹೋಗಬೇಕೆಂದುಕೊಳ್ಳುತ್ತಿಲ್ಲ ಎಂಬುದೂ ಅದೇ ಕ್ಷಣಕ್ಕೆ ಅವಳ ಗಮನಕ್ಕೆ ಬಂತು. ಕಾಲಿಗೆ ಮೆತ್ತಿದ ಮಣ್ಣು ತಣ್ಣಗಿತ್ತು. ಚೀಲ ತಡಕುವ ಆ ಕಳವಳ, ಮೂರು ವಾರ ಜೊತೆಗಿದ್ದದ್ದು, ಎಲ್ಲಿ ಇಳಿದುಹೋಯಿತೋ ತಿಳಿಯಲಿಲ್ಲ. ಅದರ ಜಾಗದಲ್ಲಿ ಬರೀ ದುಃಖವಿತ್ತು, ಅದನ್ನು ಹೊತ್ತು ನಿಲ್ಲಬಹುದಿತ್ತು.

ಕೊಟ್ರಪ್ಪನವರು ತಿರುಗಿ ಬಂದು ಮುಖ ತೊಳೆದುಕೊಂಡರು. ಪಂಪಿನ ನೀರನ್ನು ಚೊಂಬಿನಲ್ಲಿ ಹಿಡಿದು ಮೊದಲು ಅವಳಿಗೆ ಕೊಟ್ಟರು.

“ಕುಂದ್ರ ಯವ್ವಾ,” ಎಂದರು. “ಒಂದು ಮಾತು ಹೇಳ್ತೇನಿ ಕೇಳು. ನೂರಾ ಹದಿನೇಳು ಅಷ್ಟು ಕೆಳಗ ಹೋಗಿದ್ದು ನೋಡಿ ಆವತ್ತ ನನಗ ಇದು ಸರಿ ಇಲ್ಲ ಅನಿಸಿತ್ತು. ಅದರ ಕಾಯಿ ನನ್ನ ಕೈಗೆ ಗೊತ್ತೈತಿ. ಕೇಳಬೇಕಂದೆ. ಮುದುಕಗ ಕಂಪ್ಯೂಟರ್ ತಿಳ್ಯಂಗಿಲ್ಲ ಅಂತ ತಿಳ್ಕೊಂತೀರಿ ಅಂತ ನಾಚಿ ಸುಮ್ನಾದೆ. ಹನ್ನೊಂದು ವರ್ಷ ನೋಡಿದ್ದು ನಾನು. ನಾನೂ ಬಾಯಿ ಮುಚ್ಚಿಕೊಂಡಿದ್ದೆ.”

ಅವಳು ಗೋಣಿತಟ್ಟಿನ ಮೇಲೆ ಕೂತು ನೀರು ಕುಡಿದಳು. ತಿರಕಪ್ಪ ಅರ್ಧ ಹರಿದ ಪಾಕೀಟಿನ ಬಾಯಿಯನ್ನು ಮಡಚಿ ದಾರ ಸುತ್ತಿದ. ಕೊಟ್ರಪ್ಪನವರು ಆರು ಪಾಕೀಟುಗಳನ್ನು ಎರಡು ಪಾಲು ಮಾಡಿದರು. ನಾಲ್ಕರ ಹಳೆಯ ಬೀಜ ಆಫೀಸಿನ ಕಪಾಟಿನಲ್ಲಿ ಸ್ವಲ್ಪ ಇರಬೇಕು, ಅರ್ಧವಾದರೂ ಮೊಳೆತೀತು ಎಂದರು. ಎಂಬತ್ತೆಂಟು ಮತ್ತು ಇನ್ನೂರ ಮೂರು ಎಲ್ಲೂ ಇಲ್ಲ. ಎಂಬತ್ತೆಂಟನ್ನು ಕೊಟ್ಟವಳು ಗಳಗನಾಥದ ಒಬ್ಬ ಮುದುಕಿ, ಈಗ ತೀರಿಕೊಂಡಿದ್ದಾಳೆ; ಅವಳ ಮನೆಯವರು ಹಿತ್ತಿಲಿಗೆ ಫರಸಿ ಕಲ್ಲು ಹಾಸಿದ್ದಾರೆ. ಚೀಲವನ್ನು ಏನು ಮಾಡಲಿ, ಹೊಳೆಗೆ ಚೆಲ್ಲಲೇ ಎಂದು ತಿರಕಪ್ಪ ಕೇಳಿದಾಗ ಅವರು ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ಬೀಜ ತೆಗೆದು, ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದರು. ಎಲ್ಲವೂ ಒಂದೇ ಬಣ್ಣ, ಒಂದೇ ಆಕಾರ.

“ಬಿತ್ತೂಣು,” ಎಂದರು. “ಕೆಳಗಿನ ಮಡಿಯೊಳಗ, ಎಲ್ಲಾ ಕೂಡೇ. ಬೀಜ ನೋಡಿ ಗುರುತು ಹಿಡ್ಯಾಕ ಆಗಂಗಿಲ್ಲ. ಕಾಯಿ ಬಿಟ್ಟ ಮ್ಯಾಲೆ ಗಿಡಾ ತಾನ ಹೇಳತೈತಿ. ಎಲ್ಲಾವಲ್ಲ. ಒಂದೀಟು ಹೇಳತಾವು.”

ಆ ಮಧ್ಯಾಹ್ನವೆಲ್ಲ ಮೂವರೂ ಚಪ್ಪರದ ಕೆಳಗೆ ಕೂತು ಉಳಿದ ಪಾಕೀಟುಗಳನ್ನು ಹೊಸ ಪಟ್ಟಿಯ ಪ್ರಕಾರ ಜೋಡಿಸಿದರು. ಅವಳು ನಂಬರು ಓದಿದರೆ ಕೊಟ್ರಪ್ಪನವರು ಪಟ್ಟಿ ನೋಡದೆ ಅದರ ಊರು ಹೇಳುತ್ತಿದ್ದರು, ಒಮ್ಮೊಮ್ಮೆ ಕೊಟ್ಟವರ ಹೆಸರು, ಆವತ್ತು ಅವರ ಮನೆಯಲ್ಲಿ ಉಂಡ ಊಟ. ನೂರಾ ಹದಿನೇಳು ಇನ್ನೂ ಒಡೆಯದ ರಾಶಿಯ ತಳದಲ್ಲಿ ಸಿಕ್ಕಿತು. ಅವರು ಅದನ್ನು ಅಂಗಿಯ ಜೇಬಿಗಿಟ್ಟುಕೊಂಡರು. ತಿರಕಪ್ಪನ ರೊಟ್ಟಿಯನ್ನೂ ಅವಳ ಡಬ್ಬಿಯನ್ನೂ ಹಂಚಿಕೊಂಡು ಉಂಡರು. ನಾಲ್ಕರ ಬಸ್ಸಿಗೆ ಅವಳು ಹೊರಟಾಗ, ಮ್ಯಾನೇಜರಿಗೆ ತಾನೇ ಬಂದು ಹೇಳುತ್ತೇನೆ ಎಂದಳು. ಅವರು ಬೇಡವೆನ್ನಲಿಲ್ಲ. ಶನಿವಾರ ಹನ್ನೊಂದಕ್ಕೆ ಇಬ್ಬರೂ ಕೂಡಿ ಹೋಗೋಣ ಎಂದರು. ಹಾಗೆ ಹೋದರು, ಮ್ಯಾನೇಜರು ಅವಳನ್ನು ನಿಲ್ಲಿಸಿಯೇ ಹತ್ತು ನಿಮಿಷ ಮಾತಾಡಿದರು, ಕಾಲೇಜಿಗೆ ಪತ್ರ ಬರೆಯುವುದಾಗಿಯೂ ಹೇಳಿದರು. ಅದು ಕೇಳಲು ಕಷ್ಟವಾಗಿತ್ತು, ಆದರೆ ಅದರಲ್ಲಿ ಅವಳ ಬಗ್ಗೆ ಅವಳಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಹೊರಗೆ ಬಂದಾಗ ಕೊಟ್ರಪ್ಪನವರು, ಪಾಪ, ಅವಳಿಗೊಂದು ಕಪ್ ಚಹಾ ಕೊಡಿಸಿದರು.

ಇ-ಮೇಲಿಗೆ ಹನ್ನೊಂದು ಜನರಲ್ಲಿ ಇಬ್ಬರು ಉತ್ತರಿಸಿದ್ದರು. ಒಬ್ಬರು, ಸಿವಿಲ್ ವಿಭಾಗದ ಮಧು, ತಮ್ಮ ಮಳೆಯ ಅಂಕಿಗಳಲ್ಲಿ ಖಾಲಿ ದಿನಗಳಿದ್ದವು, ಎಲ್ಲ ಮತ್ತೆ ಓಡಿಸುತ್ತಿದ್ದೇನೆ, ತಿಳಿಸಿದ್ದಕ್ಕೆ ಉಪಕಾರ ಎಂದು ಕನ್ನಡದಲ್ಲೇ ಬರೆದಿದ್ದರು. ಇನ್ನೊಂದು ಸುನೀಲಕುಮಾರ ಸರ್ ಅವರದು, ಒಂದೇ ಸಾಲು: ಬಂದು ಕಾಣಿರಿ. ಅವಳು ಹೋದಾಗ ಅವರ ಮೇಜಿನ ಮೇಲೆ ಪ್ರಬಂಧದ ಹಾಳೆಗಳು ಹರಡಿದ್ದವು. ಪ್ರಿನ್ಸಿಪಾಲರಿಗೆ ಏನು ಹೇಳಬೇಕು, ಅನುದಾನದವರಿಗೆ ಏನು ಹೇಳಬೇಕು ಎಂದು ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಹಾಳೆಗಳ ಕಡೆ ನೋಡುತ್ತ, ಡಿಫಾಲ್ಟ್ ಬದಲಿಸಲು ಹೇಳಿದವನು ನಾನೇ ಎಂಬುದನ್ನೂ ಪ್ರಿನ್ಸಿಪಾಲರಿಗೆ ಹೇಳುತ್ತೇನೆ ಎಂದರು. ತಮ್ಮ ಅಂಕಿಗಳಲ್ಲಿಯೂ ಒಂದು ಕಡೆ ಖಾಲಿ ಇದೆಯೇನೋ, ಹೇಗೆ ಹುಡುಕುವುದು ಎಂದು ಕೇಳಿದರು. ಅವಳಿಗಾಗಿ ಕುರ್ಚಿಯ ಮೇಲಿನ ಪುಸ್ತಕಗಳನ್ನು ತೆಗೆದು ಕೆಳಗಿಟ್ಟರು. ಇಬ್ಬರೂ ಸಂಜೆಯವರೆಗೆ ಹುಡುಕಿದರು. ಎರಡು ಖಾಲಿ ಸಿಕ್ಕವು.

ಆ ತಿಂಗಳು ಅವಳು ಡಿಫಾಲ್ಟ್ ಎಂಬ ಸಾಲನ್ನೇ ಅಳಿಸಿಬಿಟ್ಟಳು. ಸಂಖ್ಯೆ ಹೇಳದೆ ಬರೀ ಹೆಸರು ಹೇಳಿದವರಿಗೆ ಯಂತ್ರ ಏನನ್ನೂ ಕೊಡುತ್ತಿರಲಿಲ್ಲ. ಇರುವ ಆವೃತ್ತಿಗಳ ಪಟ್ಟಿ ತೋರಿಸಿ, ಯಾವುದು ಬೇಕು ಎಂದು ಕೇಳುತ್ತಿತ್ತು. ಯಾವ ಆವೃತ್ತಿಯಲ್ಲಿ ಏನು ಬದಲಾಗಿದೆ ಎಂಬುದು ಅಲ್ಲೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡು ಸಾಲು ಬರುತ್ತಿತ್ತು. ಇಂಗ್ಲಿಷಿನ ಸಾಲುಗಳನ್ನು ಐಶ್ವರ್ಯ ತಿದ್ದಿಕೊಟ್ಟಳು, ಕೆಂಪು ಮಾಡದೆ. ಪ್ರತಿ ಫಲಿತಾಂಶದ ತಲೆಯ ಮೇಲೆ ಅದು ಯಾವ ಆವೃತ್ತಿಯಿಂದ ಬಂದದ್ದೆಂದು ತಾನಾಗಿಯೇ ಅಚ್ಚಾಗುವಂತೆ ಮಾಡಿದಳು. ನಾಲ್ಕು ಅಕ್ಷರ ಹೆಚ್ಚು ಬರೆಯಬೇಕಾಯಿತೆಂದು ಕೆಲವರು ಗೊಣಗಿದರು, ಆಮೇಲೆ ಬರೆಯತೊಡಗಿದರು. ಕೊಟ್ರಪ್ಪನವರು ಮಳೆಗಾಲದಲ್ಲಿ ಮಂಗಳವಾರ ಮಂಗಳವಾರ ಬಂದು ಒಂದೇ ಬೆರಳಿನಿಂದ ಟೈಪು ಮಾಡಲು ಕಲಿತರು. ಮಾಡ್ಯೂಲ್ ಎಂಬ ಪದವನ್ನು ಅಕ್ಷರ ಅಕ್ಷರವಾಗಿ ಹುಡುಕಿ ಬರೆದು, ಸಂಖ್ಯೆ ಬರೆದು, ಪಟ್ಟಿಯೊಂದಿಗೆ ತಾಳೆ ನೋಡಿ, ಆಮೇಲೆಯೇ ಗುಂಡಿ ಒತ್ತುತ್ತಿದ್ದರು. ಅವಳು ನೋಡಿದ ಬಳಕೆದಾರರಲ್ಲಿ ಅವರಷ್ಟು ನಿಧಾನವಾದವರಿರಲಿಲ್ಲ, ಅವರಷ್ಟು ಕಡಿಮೆ ತಪ್ಪು ಮಾಡಿದವರೂ ಇರಲಿಲ್ಲ.

ಜನವರಿಯ ಒಂದು ರವಿವಾರ ಅವರು ಕರೆದರೆಂದು ಅವಳು ಮೇಡ್ಲೇರಿಗೆ ಹೋದಳು. ಕೆಳಗಿನ ಮಡಿ ಕೆಂಪಾಗಿತ್ತು. ಆದರೆ ಒಂದೇ ಕೆಂಪಲ್ಲ. ಒಂದರ ಪಕ್ಕ ಒಂದು ಬೇರೆ ಬೇರೆ ಗಿಡ, ಸುಕ್ಕುಗಟ್ಟಿದ ಉದ್ದ ಕಾಯಿ, ಗಿಡ್ಡ ಕಾಯಿ, ಕಪ್ಪಿಗೆ ತಿರುಗಿದ ಕೆಂಪು, ಇನ್ನೂ ಹಸಿರಿದ್ದದ್ದು. ಕೊಟ್ರಪ್ಪನವರು ಸಾಲುಸಾಲಾಗಿ ನಡೆಯುತ್ತ, ಕಾಯಿಯನ್ನು ಬೆರಳ ನಡುವೆ ಹೊರಳಿಸಿ ನೋಡುತ್ತ, ಗುರುತು ಸಿಕ್ಕ ಗಿಡಕ್ಕೆ ಬಣ್ಣದ ದಾರ ಕಟ್ಟುತ್ತಿದ್ದರು. ಹಿಂದೆ ಅವಳು ಪುಸ್ತಕ ಹಿಡಿದು ನಂಬರು ಬರೆಯುತ್ತ ಹೋದಳು. ಇದು ಮೂವತ್ತೊಂದು. ಇದು ನೂರಾ ಅರವತ್ತು. ಇದು ಗೊತ್ತಿಲ್ಲ, ಬಿಡು. ಬಿಸಿಲು ಏರುವ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ಗಿಡಗಳಿಗೆ ದಾರ ಬಿದ್ದಿತ್ತು. ಹೊಳೆಯ ಅಂಚಿನ ಕೊನೆಯ ಸಾಲಿನಲ್ಲಿ ಅವರು ಒಂದು ಗಿಡದ ಮುಂದೆ ಮೊಣಕಾಲೂರಿ ಕೂತರು. ಎತ್ತರವಿಲ್ಲದ ಗಿಡ, ಕಾಯಿಗಳು ತುದಿಯಲ್ಲಿ ಸ್ವಲ್ಪ ಬಾಗಿದ್ದವು. ಒಂದನ್ನು ಮುರಿದು ಮೂಸಿದರು. ಅವಳಿಗೆ ಕೊಟ್ಟರು, ಅವಳೂ ಮೂಸಿದಳು. ಅವಳಿಗೆ ಮೆಣಸಿನಕಾಯಿಯ ವಾಸನೆ ಬಂತು, ಅಷ್ಟೇ.

“ಎಂಬತ್ತೆಂಟು ಅನಸ್ತೈತಿ, ಗಳಗನಾಥದ ಮುದುಕಿದು,” ಎಂದರು ಅವರು ಮೆಲ್ಲಗೆ. “ಖರೇ ಹೇಳಬೇಕಂದ್ರ ಪೂರಾ ಗ್ಯಾರಂಟಿ ಇಲ್ಲ. ಇನ್ನೆರಡು ವರ್ಷ ಬೆಳದು ನೋಡಬೇಕು.”

ಏನೆಂದು ಬರೆಯಲಿ ಎಂದು ಅವಳು ಕೇಳಿದಳು. ಅವರು ಯೋಚಿಸಿದರು. ಇರಬಹುದು ಅಂತ ಬರಿ ಎಂದರು. ಅವಳು ಸಾಲಿನ ನಂಬರು, ಗಿಡದ ನಂಬರು ಬರೆದು, ಎದುರಿಗೆ ‘ಇರಬಹುದು’ ಎಂದು ದುಂಡಗೆ ಬರೆದಳು. ಅವರು ಹಳದಿ ದಾರ ಕಟ್ಟಿ, ಗಂಟು ಸರಿಯಾಗಿದೆಯೇ ಎಂದು ಎಳೆದು ನೋಡಿ, ಕೈ ಕೊಟ್ಟು ಎಬ್ಬಿಸು ಎಂದರು. ಅವಳು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡೂ ಕೈ ಚಾಚಿದಳು.